ಎಲುಬಿನ ಕಟ್ಟು: ಬಿಗಿಯಲ್ಲ, ಹದ ಬೇಕು

ಶಹಾಬಾದ್, ಚಿತ್ತಾಪುರದ ಗಣಿಗಳಲ್ಲಿ ಫರಸಿಕಲ್ಲು ಕಾಲಮೇಲೆ ಬೀಳುವುದು, ಸೇಡಂ-ವಾಡಿ ಕಡೆಯ ರಸ್ತೆಗಳಲ್ಲಿ ಬೈಕ್ ಉರುಳುವುದು, ಚಿಂಚೋಳಿಯ ಹಳ್ಳಿಗಳಲ್ಲಿ ಮಕ್ಕಳು ಮರದಿಂದ ಜಾರುವುದು ಹೊಸದೇನಲ್ಲ. ಎಲುಬು ಮುರಿದಾಗ ಅನೇಕರು ಮೊದಲು ಹೋಗುವುದು ನಾಟಿ ವೈದ್ಯರ ಬಳಿಗೆ. ಖರ್ಚು ಕಡಿಮೆ, ಊರಿಗೆ ಹತ್ತಿರ, ಆಪರೇಷನ್ ಭಯವಿಲ್ಲ. ಆದರೆ ಈ ಕಟ್ಟಿನಿಂದ ಎಲುಬು ಕೂಡುತ್ತದೆಯೇ?

ಎಲುಬನ್ನು ಕೂಡಿಸುವುದು ಕಟ್ಟೂ ಅಲ್ಲ, ಲೇಪವೂ ಅಲ್ಲ, ಪ್ಲಾಸ್ಟರೂ ಅಲ್ಲ, ನಮ್ಮ ಶರೀರವೇ. ಮುರಿದ ತುದಿಗಳು ಸರಿಯಾಗಿ ಹೊಂದಿಕೊಂಡು, ಹೆಚ್ಚು ಅಲುಗದೆ, ರಕ್ತಸಂಚಾರ ಸರಾಗವಾಗಿದ್ದರೆ ನಡುವೆ ಹೊಸ ಎಲುಬು ಬೆಳೆಯುತ್ತದೆ. ಅದಕ್ಕೆ ಅನುಕೂಲ ಮಾಡಿಕೊಡುವುದಷ್ಟೇ ಕಟ್ಟಿನ ಕೆಲಸ.

ನಮ್ಮ ಪೂರ್ವಿಕರಿಗೆ ಇದು ಗೊತ್ತಿತ್ತು. ‘ಸುಶ್ರುತ ಸಂಹಿತೆ’ 12 ಬಗೆಯ ಮುರಿತ, 6 ಬಗೆಯ ಕೀಲು ತಪ್ಪುವಿಕೆಯನ್ನು ವಿವರಿಸುತ್ತದೆ. ಬಿದಿರು, ಅರಳಿ, ಅತ್ತಿ, ಮುತ್ತುಗದ ದಬ್ಬೆಗಳನ್ನು ಹೇಳುತ್ತದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಆದ್ದರಿಂದ ಹದವಾಗಿರಲಿ ಎಂದು ಎಚ್ಚರಿಸುತ್ತದೆ.

ಚೀನಾದಲ್ಲಿಯೂ ಎಲುಬು ಕಟ್ಟುವ ಪುರಾತನ ವಿದ್ಯೆಯಿದೆ. ಅಲ್ಲಿನ ತಿಯಾಂಜಿನ್ ನಗರದ ವೈದ್ಯರು ಅದನ್ನು ಆಧುನಿಕ ಚಿಕಿತ್ಸೆಯೊಂದಿಗೆ ಬೆಸೆದು, 1963ರಲ್ಲಿ ಅನುಭವವನ್ನು ಪ್ರಕಟಿಸಿದರು. ಎಕ್ಸ್‌ರೇ ನೋಡಿ, ಕೈಯಿಂದಲೇ ಎಲುಬನ್ನು ಹೊಂದಿಸಿ, ಚಿಕ್ಕ ದಬ್ಬೆಗಳಿಂದ ಕಟ್ಟುವುದು ಅವರ ಪದ್ಧತಿ. ಕಟ್ಟಿದ ಪಟ್ಟಿ ಮೇಲೆ-ಕೆಳಗೆ ಸುಮಾರು 1 ಸೆಂ.ಮೀ. ಸರಿಯುವಷ್ಟೇ ಬಿಗಿ. ಅಕ್ಕಪಕ್ಕದ ಕೀಲುಗಳನ್ನು ಆಡಿಸುವುದರಿಂದ ಅವು ಪೆಡಸಾಗುವುದಿಲ್ಲ.

ನಮ್ಮಲ್ಲಿ ತೊಂದರೆಯಾಗುವುದು ಎಕ್ಸ್‌ರೇ ಇಲ್ಲದೆ ಕಟ್ಟಿದಾಗ, ಬಿಗಿ ಹೆಚ್ಚಿದಾಗ. ಪೆಟ್ಟಾದ ಮೊದಲ 2-3 ದಿನ ಬಾವು ಏರುತ್ತದೆ. ಬೆಳಿಗ್ಗೆ ಹದವಾಗಿದ್ದ ಕಟ್ಟು ರಾತ್ರಿ ಉರುಳಾಗಬಹುದು. ರಕ್ತ ನಿಂತರೆ ಸುಮಾರು 6 ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗುತ್ತವೆ. ಕೈ ಶಾಶ್ವತವಾಗಿ ಮಡಚಿಕೊಳ್ಳಬಹುದು, ಕೊಳೆತರೆ ಕತ್ತರಿಸಬೇಕಾಗಬಹುದು. ಮೊಣಕೈ ಬಳಿ ಮುರಿದ ಮಕ್ಕಳಲ್ಲಿ ಈ ಅಪಾಯ ಹೆಚ್ಚು.

ಗಮನಿಸಬೇಕಾದ ಲಕ್ಷಣಗಳು:

* ತಾಳಲಾರದ, ಏರುತ್ತಲೇ ಹೋಗುವ ನೋವು
* ಬೆರಳು ಜೋಮು ಹಿಡಿಯುವುದು, ತಣ್ಣಗಾಗುವುದು, ಬಿಳಿಚುವುದು ಅಥವಾ ನೀಲಿಯಾಗುವುದು
* ಬೆರಳನ್ನು ಚಾಚಿದರೆ ಪ್ರಾಣ ಹೋದಂತಾಗುವುದು

ಇವುಗಳಲ್ಲಿ ಒಂದು ಕಂಡರೂ ಕಟ್ಟನ್ನು ತಕ್ಷಣ ಬಿಚ್ಚಿ ಆಸ್ಪತ್ರೆಗೆ ಹೊರಡಿ. ಬೆಳಗಾಗಲೆಂದು ಕಾಯಬೇಡಿ.

ಗಾಯದಲ್ಲಿ ಎಲುಬು ಕಂಡರೆ, ತೊಡೆ, ಸೊಂಟ, ಬೆನ್ನು ಅಥವಾ ಮಗುವಿನ ಮೊಣಕೈಗೆ ಪೆಟ್ಟಾದರೆ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ತಿಕ್ಕಬೇಡಿ, ಎಳೆಯಬೇಡಿ. ಕೈಕಾಲಿಗಾದರೆ ದಬ್ಬೆ ಅಥವಾ ರಟ್ಟು ಆಸರೆಯಿಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ, 108ಕ್ಕೆ ಕರೆಮಾಡಿ. ಬೆನ್ನಿಗೆ ಪೆಟ್ಟಾದವರನ್ನು ಎತ್ತಿ ಕೂಡಿಸದೆ ಮಲಗಿಸಿಯೇ ಇರಿಸಿ. ನಾಟಿ ಕಟ್ಟನ್ನೇ ನಂಬುವವರೂ ಮೊದಲು ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಲಿ. ಕೈಕಾಲು ಉಳಿಯುವುದು ಮುಖ್ಯ.