ಬಿರುಗಾಳಿಗೆ ಹಾರಿದ ಮಾಡು: ಊರಿನ ಮನೆಯ ಹಂಚಿನ ದುರಸ್ತಿ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗನಿಗೆ ಎರಡು ಮನೆಗಳು. ಒಂದು, ಅವನು ಮಲಗಿ ಏಳುವ ಮನೆ. ಇನ್ನೊಂದು, ಅವನು ‘ನಮ್ಮ ಮನೆ’ ಎಂದು ಹೇಳಿಕೊಳ್ಳುವ ಮನೆ. ಮೊದಲನೆಯದರ ಮೇಲ್ಛಾವಣಿಯ ಚಿಂತೆ ಅವನಿಗಿಲ್ಲ. ಅದು ಸೊಸೈಟಿಯ ಕಾರ್ಯದರ್ಶಿಯ ತಲೆನೋವು. ಎರಡನೆಯದರ ಮಾಡು ಹಾರಿತೆಂಬ ಸುದ್ದಿ ಮಾತ್ರ ದೂರವಾಣಿಯಲ್ಲಿ ಬರುತ್ತದೆ. ಅದೂ ಬಹುಮಟ್ಟಿಗೆ ಮೇ ತಿಂಗಳಿನಲ್ಲಿ, ಮಳೆಗಾಲ ಹೊಸ್ತಿಲಲ್ಲಿ ನಿಂತಿರುವಾಗ.

2021ರ ಮೇ 15ರಂದು ‘ತೌಕ್ತೆ’ ಚಂಡಮಾರುತವು ಕರ್ನಾಟಕದ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಅದೇ ಗಾಳಿ 17ನೆಯ ತಾರೀಖು ಸೋಮವಾರ ಮುಂಬಯಿಯನ್ನು ನಡುಗಿಸಿ, ಅಂದು ರಾತ್ರಿ ಸೌರಾಷ್ಟ್ರದ ತೀರಕ್ಕೆ ಅಪ್ಪಳಿಸಿತು. ಹೀಗೆ ಊರಿನ ಮನೆಯ ಹಂಚನ್ನು ಹಾರಿಸಿದ ಗಾಳಿಯೇ ಎರಡು ದಿನಗಳ ಅನಂತರ ಮಗನ ಮನೆಯ ಕಿಟಕಿಯನ್ನೂ ಬಡಿಯಿತು. ತೌಕ್ತೆ ಎಂಬುದು ಮ್ಯಾನ್ಮಾರ್ ದೇಶವು ಕೊಟ್ಟ ಹೆಸರು. ಜೋರಾಗಿ ಸದ್ದುಮಾಡುವ ಒಂದು ಜಾತಿಯ ಹಲ್ಲಿ ಎಂದು ಅದರ ಅರ್ಥ. ಹಂಚಿನ ಮಾಡಿನ ಕೆಳಗೆ ಹಲ್ಲಿಯ ಲೊಚಗುಟ್ಟುವಿಕೆಯನ್ನು ಶಕುನವೆಂದು ಕೇಳುತ್ತ ಬೆಳೆದವರಿಗೆ ಈ ಹೆಸರು ಅಷ್ಟೇನೂ ಅಸಂಗತವೆನಿಸಲಾರದು.

ಆಗ ಕೊರೋನಾದ ಲಾಕ್‌ಡೌನ್ ಇದ್ದುದರಿಂದ ಯಾರೂ ಊರಿಗೆ ಹೋಗುವಂತಿರಲಿಲ್ಲ. ಕುಂದಾಪುರದ ಕಡೆಯ ಒಂದು ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದರು. ಮಾಡಿನ ತೆಂಕಣ ಮೂಲೆಯ ಹಂಚುಗಳು ಹಾರಿ, ದೇವರ ಕೋಣೆಯೊಳಗೆ ನೀರು ಸುರಿಯುತ್ತಿತ್ತು. ತಂದೆ ಏಣಿ ತಂದು ಇಟ್ಟಿದ್ದಾರೆಂದು ತಿಳಿದ ಮಗ ಮುಂಬಯಿಯಿಂದ ಕೂಗಿ ಹೇಳಿದ: “ಅಮ್ಮ, ಅಪ್ಪಯ್ಯನ್ನ ಮಾಡಿಗೆ ಹತ್ತೂಕೆ ಬಿಡ್ಬೇಡ.” ತಾಯಿಯ ಉತ್ತರ, “ನಾನ್ ಹೇಳ್ರೆ ಅವ್ರ್ ಕೇಂತ್ರಾ ಮಗ?” ಅವರು ಕೇಳಲಿಲ್ಲ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಮಾಡಿನ ದುರಸ್ತಿ ನಾಲ್ಕು ದಿನಗಳಲ್ಲಿ ಮುಗಿಯಿತು. ಅಪ್ಪಯ್ಯನವರು ಅಂಗಳಕ್ಕೆ ಇಳಿದು ಬರಲು ದೀಪಾವಳಿಯಾಯಿತು.

ಗಾಳಿಯು ಹಂಚನ್ನು ತಳ್ಳಿ ಬೀಳಿಸುತ್ತದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ಹಂಚನ್ನು ಮೇಲಕ್ಕೆ ಸೆಳೆಯುತ್ತದೆ. ಇಳಿಜಾರಾದ ಮಾಡಿನ ಮೇಲೆ ಗಾಳಿ ರಭಸದಿಂದ ಹಾಯುವಾಗ ನೆತ್ತಿಯ ಆಚೆಯ ಪಾರ್ಶ್ವದಲ್ಲಿಯೂ, ಅಂಚುಗಳಲ್ಲಿಯೂ, ಮೂಲೆಗಳಲ್ಲಿಯೂ ಒತ್ತಡವು ಕುಗ್ಗಿ ಹೀರುವ ಶಕ್ತಿಯೊಂದು ಉಂಟಾಗುತ್ತದೆ. ಗಾಳಿ ಬೀಸುವ ಕಡೆಯ ಬಾಗಿಲು ತೆರೆದಿದ್ದರಂತೂ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತಿ ನೂಕುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 47 ಕಿಲೋಗ್ರಾಂ ಭಾರಕ್ಕೆ ಸಮ. ಅಷ್ಟೇ ಜಾಗದಲ್ಲಿ ಕೂರುವ ಮಂಗಳೂರು ಹಂಚುಗಳು ಸುಮಾರು 15. ಒಂದೊಂದರ ತೂಕ ಎರಡೂವರೆ ಕಿಲೋಗ್ರಾಮಿನ ಆಸುಪಾಸು. ಒಟ್ಟು 37 ಅಥವಾ 38 ಕಿಲೋಗ್ರಾಂ. ಜಮೆಗಿಂತ ಖರ್ಚು ಹೆಚ್ಚಾದ ಖಾತೆಯ ಗತಿಯೇ ಹಂಚಿಗೂ ಆಗುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದೆಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಆದಕಾರಣ ಬಿರುಗಾಳಿಯ ಮುನ್ಸೂಚನೆ ಬಂದಾಗ ಗಾಳಿ ಬರುವ ದಿಕ್ಕಿನ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚುವುದು ಖರ್ಚಿಲ್ಲದ ಮೊದಲನೆಯ ರಕ್ಷಣೆ.

ಗಾಳಿ ನಿಂತ ಮೇಲೆ ಮಾಡಬೇಕಾದ ಮೊದಲ ಕೆಲಸ ಮಾಡಿಗೆ ಸಂಬಂಧಿಸಿದ್ದಲ್ಲ, ವಿದ್ಯುತ್ತಿಗೆ ಸಂಬಂಧಿಸಿದ್ದು. ಮನೆಯ ಮೇಲೆ ಅಥವಾ ಅಂಗಳದಲ್ಲಿ ತಂತಿ ಬಿದ್ದಿದ್ದರೆ ಅದರ ಹತ್ತಿರ ಸುಳಿಯದೆ ಮೆಸ್ಕಾಂ ಅಥವಾ ಹೆಸ್ಕಾಂ ಕಚೇರಿಗೆ ತಿಳಿಸತಕ್ಕದ್ದು. ತಂತಿ ಸರಿಯಾಗಿದ್ದರೂ ಗೋಡೆ ನೆನೆದಿದ್ದರೆ ಮೈನ್ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರೀಷಿಯನ್ ನೋಡುವವರೆಗೆ ದೀಪದ ಆಸೆ ಬಿಡುವುದೇ ಕ್ಷೇಮ. ಸ್ವಿಚ್ಚು ಇರುವ ಜಾಗವೇ ನೀರಿನಲ್ಲಿದ್ದರೆ ಅದನ್ನೂ ಮುಟ್ಟಬಾರದು. ಒಡೆದ ಹಂಚು, ತುಕ್ಕು ಹಿಡಿದ ಮೊಳೆ ಇವುಗಳ ನಡುವೆ ಬರಿಗಾಲಲ್ಲಿ ಓಡಾಡಿ ಗಾಯವಾದರೆ ಸಾಬೂನಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ನಿಂತ ನೀರಿನಲ್ಲಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಅದು ಇಲಿಜ್ವರವಿರಬಹುದು. ಕರಾವಳಿಯಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ಬೇಗ ಹಿಡಿದರೆ ಔಷಧಿಗೆ ಬಗ್ಗುತ್ತದೆ, ಕಷಾಯದಲ್ಲಿ ಕಾಲ ಕಳೆದರೆ ಮೂತ್ರಪಿಂಡಕ್ಕೆ ತಗುಲುತ್ತದೆ.

ತಾತ್ಕಾಲಿಕವಾಗಿ ಹೊದಿಸುವ ಟಾರ್ಪಾಲಿನ ವಿಷಯದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ತೂತು ಇರುವಷ್ಟಕ್ಕೆ ಮಾತ್ರ ಹೊದಿಸಿದರೆ ಮೇಲಿನಿಂದ ಹರಿದು ಬಂದ ನೀರು ಟಾರ್ಪಾಲಿನ ಅಡಿಯಲ್ಲಿಯೇ ಒಳಗಿಳಿಯುತ್ತದೆ. ಆದುದರಿಂದ ಅದು ಮಾಡಿನ ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿನ ಮೇಲೂ ಒಂದು ಗಜದಷ್ಟು ಇಳಿಯಬೇಕು. ಎರಡನೆಯದು, ಹಾರದಿರಲೆಂದು ಮೇಲೆ ಮುರಕಲ್ಲು ಹೇರುವುದು. ಗಾಳಿಗೆ ಟಾರ್ಪಾಲು ಬಡಿದಾಡಿದರೆ ಆ ಕಲ್ಲು ಉರುಳಿ ಹತ್ತು ಹಂಚುಗಳನ್ನು ಒಡೆದು, ಕೆಳಗೆ ನಿಂತವರ ತಲೆಯನ್ನೂ ಹುಡುಕಿಕೊಂಡು ಬರುತ್ತದೆ. ಟಾರ್ಪಾಲಿನ ಅಂಚನ್ನು ಉದ್ದನೆಯ ರೀಪಿಗೆ ಎರಡು ಸುತ್ತು ಸುತ್ತಿ, ಆ ರೀಪನ್ನು ಒಳಗಿನ ಪಕ್ಕಾಸಿಗೆ ಹಗ್ಗದಿಂದ ಬಿಗಿಯುವುದು ಸರಿಯಾದ ಕ್ರಮ.

ಮುಚ್ಚಿಗೆಯಿಲ್ಲದ ಕೋಣೆಗಳಲ್ಲಿ ನಾಲ್ಕಾರು ಹಂಚು ಬದಲಾಯಿಸಲು ಮಾಡಿನ ಮೇಲೇರುವ ಅಗತ್ಯವೇ ಇಲ್ಲ. ಒಳಗಡೆ ಅಟ್ಟದ ಮೇಲೆ ಅಥವಾ ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು, ಮೇಲಿನ ಸಾಲಿನ ಹಂಚನ್ನು ತುಸು ಎತ್ತಿ ಹೊಸದನ್ನು ತೂರಿಸಬಹುದು. ಮೇಲೆಯೇ ಹೋಗಬೇಕಾದರೆ, ಮಾಡು ಒಣಗಿದ ಮೇಲೆ, ಇದನ್ನೇ ಕಸುಬಾಗಿ ಉಳ್ಳವರು ಮಾತ್ರ ಹೋಗಬೇಕು. ಏಣಿಯು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ಹೊರಗಿದ್ದು, ಅದರ ತುದಿ ಸೂರಿಗಿಂತ ಮೂರು ಅಡಿ ಮೇಲಕ್ಕೆ ಚಾಚಿರಬೇಕು. ಬುಡವನ್ನು ಒಬ್ಬರು ಹಿಡಿದಿರಬೇಕು. ಮೇಲೆ ಹಲಗೆ ಹಾಸಿಕೊಂಡು, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ತೊಲೆಗೆ ಬಿಗಿದುಕೊಂಡು ಕೆಲಸ ಮಾಡುವುದು ನಾಚಿಕೆಯ ವಿಷಯವಲ್ಲ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಕೂರಿಸುವ ಅವಸರ ಸಲ್ಲದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಶಾಶ್ವತವಾದ ಊನವನ್ನು ತಂದೀತು. ಅಲುಗಿಸದೆ 108ಕ್ಕೆ ಕರೆಮಾಡುವುದು ಲೇಸು.

ಕೊಟ್ಟಿಗೆ, ಬಚ್ಚಲುಕೋಣೆಗಳಿಗೆ ಹಿಂದೆ ಹೊದಿಸಿದ ಸಿಮೆಂಟ್ ಶೀಟುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವುಗಳಲ್ಲಿ ಬಹುಪಾಲು ಕಲ್ನಾರಿನವು. ಹಳೆಯ ಶೀಟು ಮನುಷ್ಯನ ಭಾರವನ್ನು ತಡೆಯದು. ಒಡೆದ ಶೀಟನ್ನು ಗರಗಸದಿಂದ ಕೊಯ್ದರೆ ಅಥವಾ ಒಣ ಪೊರಕೆಯಿಂದ ಗುಡಿಸಿದರೆ ಎದ್ದ ಧೂಳಿನ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನೆಲೆಸಿ, ಹಲವು ದಶಕಗಳ ಅನಂತರ ಕ್ಯಾನ್ಸರಿಗೂ ಕಾರಣವಾಗಬಲ್ಲವು. ನೀರು ಚಿಮುಕಿಸಿ, ಮೂಗಿಗೆ ಸರಿಯಾದ ಮಾಸ್ಕ್ ಧರಿಸಿ, ಇನ್ನಷ್ಟು ಒಡೆಯದಂತೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಕು. ಮಕ್ಕಳು ಅದರ ಚೂರುಗಳೊಂದಿಗೆ ಆಡುವುದನ್ನು ಕಂಡೂ ಸುಮ್ಮನಿರುವುದು ದೊಡ್ಡ ಅಪರಾಧವೇ ಸರಿ.

ಇನ್ನು ಹಂಚಿನ ವಿಚಾರ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ನೇತ್ರಾವತಿಯ ದಡದ ಜೇಡಿಮಣ್ಣು ಅಲ್ಲಿಂದ ಮುಂದೆ ಮುಂಬಯಿಯ ಮಾಡುಗಳನ್ನೂ ಏರಿತು. ಮಗ ಮುಂಬಯಿಗೆ ಹೋಗುವ ಮೊದಲೇ ಊರಿನ ಹಂಚು ಅಲ್ಲಿಗೆ ತಲಪಿತ್ತೆನ್ನಬಹುದು. ಇಂದು ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಇದರಿಂದಾಗುವ ತೊಂದರೆಯೇನೆಂದರೆ, ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಹಂಚಿನೊಡನೆ ಸರಿಯಾಗಿ ಕೂರುವುದಿಲ್ಲ. ಕಾಲು ಅಂಗುಲದ ವ್ಯತ್ಯಾಸವಿದ್ದರೂ ಸಂದಿನಲ್ಲಿ ನೀರು ಇಳಿಯುತ್ತದೆ. ಆದಕಾರಣ ಹೊಸ ಹಂಚು ಕೊಳ್ಳುವ ಮುನ್ನ ಹಳೆಯದನ್ನು ಮಗುಚಿ, ಅದರ ಮೇಲಿನ ಕಾರ್ಖಾನೆಯ ಹೆಸರನ್ನು ಓದಿಕೊಳ್ಳಬೇಕು. ಅದೇ ಹೆಸರಿನದು ಕೆಡವಿದ ಮನೆಗಳ ಹಳೆಯ ಹಂಚು ಮಾರುವವರಲ್ಲಿ ದೊರೆಯುವುದುಂಟು. ಬೆರಳ ಗಂಟಿನಿಂದ ತಟ್ಟಿದಾಗ ಕಂಚಿನಂತೆ ನಾದ ಬಂದರೆ ಹಂಚು ಒಳ್ಳೆಯದು. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳು ಇದೆಯೆಂದು ತಿಳಿಯಬೇಕು. ಹೊಂದುವ ಹಂಚು ಸಿಗದಿದ್ದರೆ, ಹಿಂಬದಿಯ ಇಳಿಜಾರಿನ ಹಳೆಯ ಹಂಚುಗಳನ್ನೆಲ್ಲ ಮುಂಬದಿಗೆ ತಂದು, ಹಿಂಬದಿಗೆ ಪೂರ್ತಿಯಾಗಿ ಹೊಸ ಅಚ್ಚಿನವನ್ನು ಹೊದಿಸುವುದು ಅನುಭವಿಗಳು ಅನುಸರಿಸುವ ಉಪಾಯ.

ಹಂಚು ಹೊದಿಸುವ ಮೊದಲು ಮರವನ್ನು ಪರೀಕ್ಷಿಸತಕ್ಕದ್ದು. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ ಚೂರಿಯ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಒರಲೆಯೋ ಕೊಳೆತವೋ ಒಳಗಿದೆ. ಹೊಸ ರೀಪುಗಳ ನಡುವಣ ಅಂತರವನ್ನು ಹಂಚು ಇಟ್ಟು ಅಳೆಯಬೇಕೇ ಹೊರತು ಅಂದಾಜಿನಿಂದಲ್ಲ. ಸೂರಿನಿಂದ ಆರಂಭಿಸಿ ನೆತ್ತಿಯ ಕಡೆಗೆ ಸಾಗಬೇಕು. ಸೂರಿನ ಎರಡು ಸಾಲು, ಪಾರ್ಶ್ವದ ಅಂಚು, ನೆತ್ತಿಯ ಪಕ್ಕದ ಸಾಲು ಇವಿಷ್ಟನ್ನಾದರೂ, ಹಂಚಿನ ಹಿಂಬದಿಯ ತೂತಿನಲ್ಲಿ ತುಕ್ಕು ಹಿಡಿಯದ ತಂತಿ ತೂರಿಸಿ ರೀಪಿಗೆ ಕಟ್ಟಬೇಕು. ಆ ತೂತು ಇರುವುದೇ ಅದಕ್ಕಾಗಿ. ಆದರೂ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಅದು ಜೇಡರಹುಳುವಿನ ಬಿಡಾರವಷ್ಟೇ ಆಗಿರುತ್ತದೆ. ನೆತ್ತಿಯ ಮೇಲೆ ಕವುಚುವ ಹಂಚುಗಳಿಗೆ ಬರಿಯ ಸಿಮೆಂಟಿಗಿಂತ ಸುಣ್ಣ ಬೆರೆಸಿದ ಗಾರೆ ಉತ್ತಮ. ಬಿಸಿಲಿಗೆ ಬೇಗ ಬಿರಿಯುವುದಿಲ್ಲ.

ಹಂಚಿನ ಕಾಟವೇ ಬೇಡವೆಂದು ತಗಡಿನ ಶೀಟು ಹೊದಿಸುವವರು ಈಚೆಗೆ ಹೆಚ್ಚುತ್ತಿದ್ದಾರೆ. ತಗಡಿನ ಭಾರ ಚದರ ಮೀಟರಿಗೆ ಐದು ಕಿಲೋಗ್ರಾಮಿನ ಸುತ್ತಮುತ್ತ. ಹಂಚಾದರೆ ಒಂದೊಂದಾಗಿ ಹಾರುತ್ತದೆ. ಸರಿಯಾಗಿ ಬಿಗಿಯದ ತಗಡು ಇಡಿಯಾಗಿ ಎದ್ದು, ನೆರೆಮನೆಯ ಕಡೆಗೆ ಕತ್ತಿಯಂತೆ ಬೀಸುತ್ತದೆ. ಅದನ್ನು ಹಾಕಿಸುವವರು ಅಂಚು ಮೂಲೆಗಳಲ್ಲಿ ಬೋಲ್ಟುಗಳನ್ನು ಒತ್ತೊತ್ತಾಗಿ ಬಿಗಿಸುವುದಕ್ಕೆ ಜಿಪುಣತನ ತೋರಬಾರದು.

ಖರ್ಚಿನ ಬಾಬಿನಲ್ಲಿ ಮೊದಲನೆಯ ಮಾತು ಛಾಯಾಚಿತ್ರ. ಕಸ ತೆಗೆಯುವ ಮುನ್ನವೇ ಹಾನಿಯ ಚಿತ್ರಗಳನ್ನು ತೆಗೆದಿರಬೇಕು. ಗ್ರಾಮ ಲೆಕ್ಕಿಗರೆಂದು ಹಿಂದೆ ಕರೆಯಲಾಗುತ್ತಿದ್ದ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಮಹಜರು ಮಾಡಿಸಬೇಕು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಪ್ರಕಾರ, ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಪರಿಹಾರ. ಇದು ಮರದ ಖರ್ಚಿಗೂ ಸಾಲದು. ಆದರೆ ಮಹಜರಿನ ಪ್ರತಿ ವಿಮೆಯ ಕಂಪೆನಿಯ ಮುಂದೆ ಬೆಲೆಯುಳ್ಳ ದಾಖಲೆ.

ವಿಮೆಯೆಂದರೆ ಜೀವವಿಮೆ ಮಾತ್ರವೆಂಬ ಭ್ರಮೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪೆನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ನೀಡಬೇಕೆಂದು ನಿಯಮವಾಯಿತು. ಬಿರುಗಾಳಿ, ಚಂಡಮಾರುತ, ನೆರೆ ಇವೆಲ್ಲ ಅದರಲ್ಲಿ ಸೇರಿವೆ. ವಿಮೆಯ ಮೊತ್ತವನ್ನು ಜಾಗದ ಮಾರುಕಟ್ಟೆ ಬೆಲೆಯ ಮೇಲಲ್ಲ, ಮನೆಯನ್ನು ಮತ್ತೆ ಕಟ್ಟುವ ವೆಚ್ಚದ ಮೇಲೆ ನಿರ್ಧರಿಸುತ್ತಾರೆ; ಆದುದರಿಂದ ಕಂತು ಹೊರೆಯೆನಿಸದು. ಆದರೆ ಕಾಲಕ್ರಮದ ಸವೆತಕ್ಕೆ ಪರಿಹಾರವಿಲ್ಲ. ಒರಲೆ ತಿಂದ ಪಕ್ಕಾಸು ಗಾಳಿಗೆ ಮುರಿದರೆ ಸರ್ವೇಯರ್ ಒರಲೆಯತ್ತಲೇ ಬೆರಳು ತೋರಿಸುವನು. ವರ್ಷದ ಹತ್ತು ತಿಂಗಳು ಬೀಗ ಹಾಕಿರುವ ಮನೆಯಾದರೆ ಆ ಸಂಗತಿಯನ್ನು ಮೊದಲೇ ಲಿಖಿತವಾಗಿ ತಿಳಿಸಿ, ಪಾಲಿಸಿಯ ಷರತ್ತನ್ನು ಓದಿಕೊಳ್ಳಬೇಕು. ದುರಸ್ತಿಗೆಂದು ಬ್ಯಾಂಕಿನಿಂದ ಸಾಲ ಪಡೆದವರಿಗೆ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಯ ಮಟ್ಟಿಗೆ ವರ್ಷಕ್ಕೆ 30,000 ರೂಪಾಯಿಯವರೆಗಿನ ಬಡ್ಡಿಗೆ ವಿನಾಯಿತಿ ಇದೆ.

ನಿಜವಾದ ತೊಡಕು ಬೇರೆಡೆ ಇದೆ. ಊರಿನ ಮನೆಯ ಖಾತೆ ಎಷ್ಟೋ ಕಡೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಪರಿಹಾರದ ಅರ್ಜಿಗೂ, ಸಾಲಕ್ಕೂ ಅದೇ ಅಡ್ಡಿ. ಒಬ್ಬ ತಮ್ಮ ದುರಸ್ತಿಗೆ ಹಣ ಹಾಕಿದರೆ ಉಳಿದವರಿಗೆ ಸಂಶಯ; ಹಾಕದಿದ್ದರೆ ಆಕ್ಷೇಪಣೆ. ಖರ್ಚು ಮಾಡಿದ ಮಾತ್ರಕ್ಕೆ ಯಾರ ಪಾಲೂ ಹೆಚ್ಚುವುದಿಲ್ಲವೆಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಅರಿತಿದ್ದರೆ ಒಳಿತು. ಹಣ ಹಾಕುವವನು ಎಲ್ಲರ ಸಹಿಯುಳ್ಳ ಒಂದು ಪತ್ರವನ್ನೂ, ಎಲ್ಲ ರಸೀದಿಗಳನ್ನೂ ಇಟ್ಟುಕೊಂಡರೆ ಮುಂದೆ ಮಾತಿಗೆ ಮಾತು ಬೆಳೆಯದು. ಮಾಡು ಸೋರುತ್ತಿರುವಾಗ ಪಾಲುಪಟ್ಟಿಯ ಮಾತೆತ್ತಿದ ಕುಟುಂಬಗಳಲ್ಲಿ ಗೋಡೆಯೂ ಕುಸಿದುದುಂಟು.

ಮೇಲೆ ಹೇಳಿದ ಕುಂದಾಪುರದ ಕಡೆಯ ಮನೆಯಲ್ಲಿ ಈಗ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿಯೇ ಕೂಲಿಯವರು ಬಂದು ಹಂಚು ಕೈಯಾಡಿಸಿ ಹೋಗುತ್ತಾರೆ. ಹಳೆಯ ಅಚ್ಚಿನ 100 ಹಂಚುಗಳು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ಏಣಿಯನ್ನು ಮಾತ್ರ ತಾಯಿ ನೆರೆಮನೆಯಲ್ಲಿ ಇರಿಸಿದ್ದಾರೆ. ಅಪ್ಪಯ್ಯನವರು ಕೇಳಿದಾಗಲೆಲ್ಲ, ಅದನ್ನು ಯಾರೋ ತೆಂಗಿನಕಾಯಿ ಕೀಳಲು ಕೊಂಡುಹೋಗಿದ್ದಾರೆಂಬ ಉತ್ತರ ಬರುತ್ತದೆ.