ನಾಲ್ಕನೆಯ ತಂತಿ ಕಡಿದಾಗ

ತಂತಿ ಕಡಿದರೆ ದೀಪ ಆರುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಬೀದಿಯ ಕಂಬಗಳ ಮೇಲೆ ಹಾದುಹೋಗುವ ತಂತಿಗಳಲ್ಲಿ ಒಂದು ವಿಚಿತ್ರವಾದುದುಂಟು. ಅದು ಕಡಿದಾಗ ಕೆಲವು ಮನೆಗಳ ದೀಪಗಳು ಹಿಂದೆಂದೂ ಕಾಣದ ಕಾಂತಿಯಿಂದ ಬೆಳಗುತ್ತವೆ. ಅದೇ ಹೊತ್ತಿಗೆ ಪಕ್ಕದ ಮನೆಯ ದೀಪ ಮಿಣುಕುಹುಳುವಿನಂತೆ ಮಂಕಾಗಿರುತ್ತದೆ. ಆ ತಂತಿಯೇ ನ್ಯೂಟ್ರಲ್. ಕನ್ನಡದಲ್ಲಿ ತಟಸ್ಥ ತಂತಿ ಎನ್ನಬಹುದು. ಹೆಸರು ತಟಸ್ಥವಾದರೂ ಅದರ ಹೊಣೆ ಸಾಮಾನ್ಯವಾದುದಲ್ಲ.

ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿಗಳೂ ಅವುಗಳೊಡನೆ ಈ ತಟಸ್ಥವೂ ಹೊರಡುತ್ತವೆ. ಒಂದು ಫೇಸಿಗೂ ತಟಸ್ಥಕ್ಕೂ ನಡುವಣ ಒತ್ತಡ 230 ವೋಲ್ಟ್. ಎರಡು ಫೇಸುಗಳ ನಡುವೆಯಾದರೋ ಸುಮಾರು 400 ವೋಲ್ಟ್. ಬೀದಿಯ ಮನೆಗಳನ್ನು ಮೂರು ಫೇಸುಗಳಿಗೂ ಹಂಚಿ, ಎಲ್ಲ ಮನೆಗಳ ಇನ್ನೊಂದು ತಂತಿಯನ್ನು ತಟಸ್ಥಕ್ಕೆ ಜೋಡಿಸಿರುತ್ತಾರೆ. ಮೂರು ಕಡೆಯ ಬಳಕೆಯೂ ಸಮನಾಗಿದ್ದರೆ ತಟಸ್ಥದಲ್ಲಿ ಹರಿಯುವ ಪ್ರವಾಹ ಅತ್ಯಲ್ಪ. ಆದರೆ ಮನೆಮನೆಯ ಬಳಕೆ ಸಮನಾಗಿರುವುದುಂಟೆ? ಒಬ್ಬರು ಸ್ನಾನಕ್ಕೆ ನೀರು ಕಾಯಿಸುವಾಗ ಇನ್ನೊಬ್ಬರು ಒಂದೇ ದೀಪದಡಿ ಪತ್ರಿಕೆ ಓದುತ್ತಿರುತ್ತಾರೆ. ಈ ಹೆಚ್ಚುಕಡಿಮೆಯನ್ನು ಹೊತ್ತು ಹಿಂದಿರುಗಿಸುವುದೇ ತಟಸ್ಥದ ಕಾರ್ಯ.

ಅದು ಕಡಿದೊಡನೆ ಹಿಂದಿರುಗುವ ದಾರಿ ಮುಚ್ಚಿತು. ಒಂದು ಮನೆಯ ಮೂಲಕ ಬಂದ ಪ್ರವಾಹ ಇನ್ನೊಂದು ಫೇಸಿನ ಮನೆಯನ್ನು ಹಾದೇ ಹೋಗಬೇಕು. 400 ವೋಲ್ಟನ್ನು ಆ ಮನೆಗಳು ತಮ್ಮೊಳಗೆ ಹಂಚಿಕೊಳ್ಳಬೇಕು. ಹಂಚಿಕೆಯಾದರೂ ನ್ಯಾಯವಾದುದೆ? ಒಂದೆಡೆ 1000 ವಾಟಿನ ಹೀಟರು, ಇನ್ನೊಂದೆಡೆ ಹಳೆಯ ಮಾದರಿಯ 100 ವಾಟಿನ ಬಲ್ಬು ಮಾತ್ರ ಇವೆಯೆನ್ನಿ. ಬಲ್ಬಿನ ಪಾಲಿಗೆ ಬರುವುದು 360 ವೋಲ್ಟಿಗೂ ಮಿಗಿಲು, ಹೀಟರಿಗೆ ಉಳಿಯುವುದು ನಲವತ್ತಕ್ಕೂ ಕಡಿಮೆ. ಮಿತವಾಗಿ ವಿದ್ಯುತ್ ಬಳಸುವ ಸಂಸಾರಕ್ಕೇ ಇಲ್ಲಿ ದಂಡ! ಬಲ್ಬು ಸುಟ್ಟರೆ ಹೋಗಲಿ, ಟೆಲಿವಿಷನ್ನು, ಚಾರ್ಜರುಗಳು ಕ್ಷಣಮಾತ್ರದಲ್ಲಿ ಕೆಡುತ್ತವೆ. ಮಂಕು ದೀಪದ ಮನೆಯೂ ಕ್ಷೇಮವಲ್ಲ. ಒತ್ತಡ ಸಾಲದ ಫ್ರಿಜ್ಜಿನ ಮೋಟಾರು ತಿರುಗಲಾರದೆ ಕಾದುಹೋಗುತ್ತದೆ.

ಫ್ಯೂಸ್ ಕಾಪಾಡದೆ ಎಂದು ಕೇಳಬಹುದು. ಫ್ಯೂಸಿಗೆ ತಿಳಿಯುವುದು ಪ್ರವಾಹದ ಅತಿರೇಕವೇ ಹೊರತು ಒತ್ತಡದ ಅತಿರೇಕವಲ್ಲ. ಯಂತ್ರ ಸುಟ್ಟ ಮೇಲೆ ಅದು ಕರಗಿ ಪ್ರಯೋಜನವೇನು? ತಟಸ್ಥದಲ್ಲಿ ಮಾತ್ರ ಫ್ಯೂಸನ್ನು ಇಡಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ವಿಧಿಸಿದ್ದವು. ಅದು ಕರಗಿದರೆ ತಂತಿ ಕಡಿದಂತೆಯೇ ಸರಿ. ಒತ್ತಡ ಏರಿದಾಗ ತಾನಾಗಿ ಸಂಪರ್ಕ ತಪ್ಪಿಸುವ ಉಪಕರಣಗಳು ಈಗ ದೊರೆಯುತ್ತವೆ. ಅವು ಮನೆಯಲ್ಲಿರುವುದು ಒಳ್ಳೆಯದು.

ಒಂದು ಸ್ವಿಚ್ಚು ಹಾಕಿದಾಗ ಬೇರೆ ದೀಪಗಳು ತಟ್ಟನೆ ಪ್ರಜ್ವಲಿಸಿದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಕಚೇರಿಗೆ ತಿಳಿಸಬೇಕು. ಕೆಲವರು ತಟಸ್ಥದ ಬದಲಿಗೆ ನೀರಿನ ಕೊಳಾಯಿಗೆ ತಂತಿ ಕಟ್ಟುವುದುಂಟು. ಇದರಿಂದ ಕೊಳಾಯಿಗೇ ವಿದ್ಯುತ್ ಏರಿ, ಬಚ್ಚಲಿನಲ್ಲಿ ನಿಂತವರ ಜೀವಕ್ಕೆ ಅಪಾಯ. ಒಂದೇ ಮನೆಯ ತಟಸ್ಥ ಕಡಿದರಂತೂ ಮನೆಯೆಲ್ಲ ಕತ್ತಲೆ. ಕರೆಂಟು ಹೋಗಿದೆಯೆಂದು ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಸ್ವಿಚ್ಚು ಹಾಕಿರುವ ಒಂದು ದೀಪದ ಮೂಲಕವೇ ಫೇಸಿನ 230 ವೋಲ್ಟ್ ಮನೆಯ ಕಡೆಯ ಕಡಿದ ತುದಿಯವರೆಗೂ ಬಂದು ನಿಂತಿರುತ್ತದೆ.