ಮಗ್ಗವಿಲ್ಲದ ಶಾಲು

ನಾವು ಉಡುವ, ಹೊದೆಯುವ ಬಟ್ಟೆಗಳಲ್ಲಿ ಬಹುಪಾಲು ಹಾಸು-ಹೊಕ್ಕುಗಳ ಸಂಯೋಗದಿಂದಲೋ ಹೆಣಿಗೆಯ ಕುಣಿಕೆಗಳಿಂದಲೋ ಹುಟ್ಟಿದಂಥವು. ಆದಕಾರಣ ವಸ್ತ್ರವೆಂದೊಡನೆ ನೂಲುವ ಕೈಯೊಂದು, ನೇಯುವ ಕೈಯೊಂದು, ಅವೆರಡರ ನಡುವೆ ಮಗ್ಗವೊಂದು ನಮ್ಮ ಕಲ್ಪನೆಗೆ ತಾವಾಗಿಯೇ ಬಂದು ನಿಲ್ಲುತ್ತವೆ. ಆದರೆ ನೂಲು ತೆಗೆಯದೆ, ನೇಯದೆ, ಹೆಣೆಯದೆ, ಕುರಿಯ ಉಣ್ಣೆ, ಬಿಸಿನೀರು, ಸಾಬೂನು ಮತ್ತು ತೋಳಿನ ಬಲ ಇವಿಷ್ಟರಿಂದಲೇ ಗಟ್ಟಿಯಾದ ವಸ್ತ್ರವನ್ನು ಸಿದ್ಧಪಡಿಸುವ ವಿಧಾನವೊಂದನ್ನು ಮನುಷ್ಯನು ಅತಿ ಪ್ರಾಚೀನ ಕಾಲದಲ್ಲಿಯೇ ಕಂಡುಕೊಂಡನು. ಇದಕ್ಕೆ ಫೆಲ್ಟ್ ಎಂದು ಹೆಸರು. ಬಣ್ಣಬಣ್ಣದ ಸರಪಳಿ ಕಸೂತಿಯಿಂದ ಶೋಭಿಸುವ ಕಾಶ್ಮೀರದ ನಮ್ದಾ ನೆಲಹಾಸು ಈ ಜಾತಿಯದೇ. ಬಹುಕಾಲ ಡೇರೆಗೂ ಜಮಖಾನಕ್ಕೂ ಟೋಪಿಗೂ ಮೀಸಲಾಗಿದ್ದ ಈ ವಿದ್ಯೆಯು ಕಳೆದ ಮೂರು ದಶಕಗಳಲ್ಲಿ ತೆಳುವಾದ ಶಾಲು, ಕಂಠವಸ್ತ್ರ, ಹೊದಿಕೆಗಳ ರೂಪವನ್ನು ತಾಳಿ ಅನೇಕ ದೇಶಗಳಲ್ಲಿ ಸ್ವಂತ ಕೈಯಿಂದ ಮಾಡಿಕೊಳ್ಳಬಹುದಾದ, ಇತರರಿಗೆ ಕಲಿಸಿಕೊಡಬಹುದಾದ ಕಲೆಯಾಗಿ ಬೆಳೆದಿದೆ.

ಇದರ ರಹಸ್ಯವೆಲ್ಲ ಉಣ್ಣೆಯ ಎಳೆಯ ಮೈಯಲ್ಲಿ ಅಡಗಿದೆ. ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಪ್ರತಿಯೊಂದು ಎಳೆಯ ಮೇಲೂ ಒಂದರ ಮೇಲೊಂದು ಒರಗಿದ ಸಣ್ಣ ಹುರುಪೆಗಳು ಕಾಣುವವು. ಅವುಗಳ ಅಂಚು ತುದಿಯ ಕಡೆಗೆ ಚಾಚಿಕೊಂಡಿರುವುದರಿಂದ ಎಳೆಯು ಬುಡವನ್ನು ಮುಂದುಮಾಡಿಕೊಂಡು ಸುಲಭವಾಗಿ ಜಾರುವುದೇ ಹೊರತು ತುದಿಯನ್ನು ಮುಂದುಮಾಡಿ ಹಿಂದಿರುಗಲಾರದು. ಹಳ್ಳಿಯ ಹುಡುಗರು ಹುಲ್ಲಿನ ತೆನೆಯೊಂದನ್ನು ಅಂಗಿಯ ತೋಳಿನೊಳಗೆ ಸೇರಿಸಿ ಕೈಯಾಡಿಸುತ್ತ ಹೋದರೆ ಅದು ಕೆಳಗೆ ಬೀಳುವುದರ ಬದಲು ಹೆಗಲಿನವರೆಗೆ ಏರಿಬಿಡುವುದಲ್ಲವೆ? ಉಣ್ಣೆಯ ಎಳೆಯ ಸಂಚಾರವೂ ಅದೇ ಬಗೆಯದು. ಬಿಸಿನೀರಿನಲ್ಲಿ ನೆನೆದು ಉಬ್ಬಿ ಮೃದುವಾದ ಎಳೆಗಳು, ಸಾಬೂನಿನ ಜಾರಿಕೆಯ ಸಹಾಯದಿಂದ, ತಿಕ್ಕಿದಾಗಲೂ ಉರುಳಿಸಿದಾಗಲೂ ಒಂದರೊಳಗೊಂದು ನುಸುಳುತ್ತ ಹೋಗಿ ಕೊನೆಗೆ ಬಿಡಿಸಲು ಬಾರದಂತೆ ಹೆಣೆದುಕೊಳ್ಳುವವು. ಹೀಗೆ ಕೂಡಿದ ಉಣ್ಣೆಯನ್ನು ಮರಳಿ ಬೇರ್ಪಡಿಸುವ ಉಪಾಯವಿಲ್ಲ. ಬಿಸಿನೀರಿನಲ್ಲಿ ಒಗೆದ ಉಣ್ಣೆಯ ಸ್ವೆಟರು ಕುಗ್ಗಿ ಮಗುವಿನ ಅಂಗಿಯಷ್ಟಾಗಿ ಹೋದುದನ್ನು ಕಂಡು ಮರುಗಿದ ಗೃಹಿಣಿಯರು ಈ ನಿಯಮದ ಪರಿಣಾಮವನ್ನು ಚೆನ್ನಾಗಿ ಬಲ್ಲರು. ಯಂತ್ರದಲ್ಲಿ ಒಗೆದರೂ ಕುಗ್ಗದೆಂದು ಮಾರುವ ಉಣ್ಣೆಯ ಹುರುಪೆಗಳನ್ನು ಕ್ಲೋರಿನ್ನಿನಿಂದ ಸವೆಸಿರುತ್ತಾರಾದುದರಿಂದ ಅಂಥ ಉಣ್ಣೆಯು ಈ ಕೆಲಸಕ್ಕೆ ಒದಗುವುದಿಲ್ಲ.

ಫೆಲ್ಟಿನ ಪ್ರಾಚೀನತೆಗೆ ಸಾಕ್ಷಿಯಾಗಿ ನಿಂತಿರುವುದು ದಕ್ಷಿಣ ಸೈಬೀರಿಯದ ಆಲ್ತಾಯ್ ಪರ್ವತಗಳಲ್ಲಿರುವ ಪಾಜಿರಿಕ್ ಎಂಬ ಸ್ಥಳದ ಸಮಾಧಿಗಳು. ರಷ್ಯದ ಪುರಾತತ್ತ್ವಜ್ಞ ಸೆರ್ಗೇಯ್ ರುದೆಂಕೋ ಅವರು 1929ರಲ್ಲಿಯೂ ಅನಂತರ 1947ರಿಂದ 1949ರವರೆಗೂ ಅಲ್ಲಿ ನಡೆಸಿದ ಉತ್ಖನನಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಹಿಮಗಡ್ಡೆಯೊಳಗೆ ಹುದುಗಿದ್ದ ಕಾರಣದಿಂದ ಬಣ್ಣವೂ ಮಾಸದೆ ಉಳಿದಿದ್ದ ಫೆಲ್ಟಿನ ವಸ್ತುಗಳು ದೊರೆತವು. ಅವುಗಳಲ್ಲಿ ಸುಮಾರು ನಾಲ್ಕೂವರೆ ಮೀಟರು ಅಗಲ, ಆರೂವರೆ ಮೀಟರು ಉದ್ದದ ಒಂದು ತೂಗುಹಾಸಿನ ಮೇಲೆ, ಸಿಂಹಾಸನದಲ್ಲಿ ಕುಳಿತ ದೇವಿಯನ್ನೂ ಆಕೆಯ ಎದುರಿಗೆ ನಿಂತ ಅಶ್ವಾರೋಹಿಯನ್ನೂ ಬಣ್ಣದ ಫೆಲ್ಟನ್ನು ಕತ್ತರಿಸಿ ಹೊಲಿದು ರೂಪಿಸಿದ್ದಾರೆ. ಒಳಗೆ ತುಂಬಿಸಿ ಮಾಡಿದ ಹಂಸಗಳೂ ದೊರೆತಿವೆ. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿ ಇವು ಇಂದಿಗೂ ಇವೆ. ಕುದುರೆಯ ಮೇಲೆಯೇ ಬಾಳಿದ ಅಲೆಮಾರಿ ಜನ ಸತ್ತವರ ಸಂಗಡ ಕಳುಹಿಸಿದ ಈ ವಸ್ತುಗಳ ಕುಸುರಿಯನ್ನು ನೋಡಿದವರು ಫೆಲ್ಟನ್ನು ಒರಟು ಜನರ ಒರಟು ಬಟ್ಟೆಯೆಂದು ಕರೆಯಲಾರರು.

ಆ ಪರಂಪರೆಯ ಜೀವಂತ ಶಾಖೆಯೊಂದು ಕಿರ್ಗಿಸ್ತಾನದಲ್ಲಿದೆ. ಅಲ್ಲಿ ಉಣ್ಣೆಯನ್ನು ಜೊಂಡಿನ ಚಾಪೆಯ ಮೇಲೆ ಹರಡಿ, ಬಿಸಿನೀರು ಸುರಿದು, ಚಾಪೆಯೊಡನೆ ಸುತ್ತಿ ಹಗ್ಗ ಕಟ್ಟಿ, ಎಳೆಯುತ್ತಲೂ ತುಳಿಯುತ್ತಲೂ ಹದಕ್ಕೆ ತರುವರು. ಬಣ್ಣದ ಉಣ್ಣೆಯನ್ನೇ ಚಿತ್ತಾರವಾಗಿ ಒತ್ತಿ ಕೂಡಿಸುವುದು ಆಲಾ-ಕಿಯಿಜ್. ಸಿದ್ಧವಾದ ಫೆಲ್ಟನ್ನು ಕತ್ತರಿಸಿ ಒಂದರೊಳಗೊಂದು ಕೂಡಿಸಿ ಹೊಲಿಯುವುದು ಶಿರ್ದಕ್. ಇವೆರಡೂ ಮುಖ್ಯವಾಗಿ ಸ್ತ್ರೀಯರ ವಿದ್ಯೆ, ಹಿರಿಯರಿಂದ ಕಿರಿಯರಿಗೆ ಮನೆಯಲ್ಲಿಯೇ ಹರಿದು ಬಂದದ್ದು. 2012ರಲ್ಲಿ ಯುನೆಸ್ಕೋ ಇವನ್ನು ತುರ್ತು ಸಂರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬಲ್ಲವರ ಸಂಖ್ಯೆ ಕುಗ್ಗುತ್ತಿರುವುದು, ಉಳಿದವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರಾಗಿರುವುದು, ತರುಣರ ನಿರಾಸಕ್ತಿ, ಅಗ್ಗದ ಕೃತಕ ನೂಲಿನ ಜಮಖಾನಗಳ ಹಾವಳಿ ಇವೇ ಅದಕ್ಕೆ ಕಾರಣ. ಕಲಿಯುವವರಿಲ್ಲದಿದ್ದರೆ ಎರಡು ಸಾವಿರ ವರ್ಷ ಬಾಳಿದ ವಿದ್ಯೆಯೂ ಒಂದೇ ತಲೆಮಾರಿನಲ್ಲಿ ಅಳಿಯಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದ್ದರಿಂದಲೇ ಮಾಡುವುದಕ್ಕೆ ಸಲ್ಲುವಷ್ಟೇ ಗೌರವವು ಕಲಿಸುವುದಕ್ಕೂ ಸಲ್ಲಬೇಕೆಂದು ನನ್ನ ಭಾವನೆ.

ಕೊರಳಿಗೆ ಸುತ್ತಿಕೊಳ್ಳುವ ಫೆಲ್ಟಿನ ಕಥೆಯಾದರೋ ತೀರ ಈಚಿನದು. ಆಸ್ಟ್ರೇಲಿಯಕ್ಕೆ 1797ರಲ್ಲಿ ಮೊದಲು ಬಂದಿಳಿದ ಮೆರಿನೋ ಕುರಿಗಳ ಸಂತತಿಯಿಂದ ಆ ದೇಶವು ನಯವಾದ ಉಣ್ಣೆಯ ಭಂಡಾರವೇ ಆಗಿತ್ತು. ಆದರೆ ಹಿಮಪ್ರದೇಶಗಳಿಗೆ ಹೇಳಿ ಮಾಡಿಸಿದ ದಪ್ಪ ಫೆಲ್ಟನ್ನು ಆ ಬೆಚ್ಚನೆಯ ಹವೆಯಲ್ಲಿ ಮೈಮೇಲೆ ಹೊರುವುದೆಂತು? 1990ರ ದಶಕದ ಆರಂಭದಲ್ಲಿ ನ್ಯೂ ಸೌತ್ ವೇಲ್ಸಿನ ಕಲಾವಿದೆ ಪಾಲಿ ಸ್ಟರ್ಲಿಂಗ್ ಅವರು ಸಚಿಕೋ ಕೋತಾಕ ಅವರೊಡನೆ ಕೂಡಿ, ತೆಳುವಾದ ರೇಷ್ಮೆಯ ಮೇಲೆ ಉಣ್ಣೆಯ ಅತಿ ವಿರಳವಾದ ಪದರವೊಂದನ್ನು ಹರಡಿ, ಎಳೆಗಳು ರೇಷ್ಮೆಯ ರಂಧ್ರಗಳ ಮೂಲಕ ಹಾದು ಆಚೆಗೆ ಹೊರಟು ಹೆಣೆದುಕೊಳ್ಳುವಂತೆ ಮಾಡುವ ಕ್ರಮವನ್ನು ರೂಪಿಸಿದರು. ನೂನೋ ಫೆಲ್ಟ್ ಎಂದು ಪ್ರಸಿದ್ಧವಾದ ಈ ಕ್ರಮದಲ್ಲಿ ಒಂದು ವಿಶೇಷ ಸೌಂದರ್ಯವುಂಟು: ಉಣ್ಣೆಯು ಕುಗ್ಗುವುದು, ಹುರುಪೆಯಿಲ್ಲದ ರೇಷ್ಮೆಯು ಕುಗ್ಗಲಾರದು, ತನ್ನೊಡನೆ ಬಂಧಿತವಾದ ರೇಷ್ಮೆಯನ್ನು ಉಣ್ಣೆಯು ಸೆಳೆದುಕೊಳ್ಳುವಾಗ ಆ ರೇಷ್ಮೆ ಅಸಂಖ್ಯ ಸಣ್ಣ ನೆರಿಗೆಗಳಾಗಿ ಉಬ್ಬಿ, ಯಾವ ಮಗ್ಗವೂ ಕೊಡಲಾರದ ಮೇಲ್ಮೈಯನ್ನು ಪಡೆಯುವುದು. ಇಂಥ ಶಾಲು ಹಗುರವಾಗಿಯೂ ಬೆಚ್ಚಗಾಗಿಯೂ ಇದ್ದು ಮೈಗೆ ಒಪ್ಪವಾಗಿ ಇಳಿಬೀಳುವುದು.

ಮಾಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೊದಲು ರೇಷ್ಮೆಯ ಪರೀಕ್ಷೆ: ಬಟ್ಟೆಯನ್ನು ಬಾಯಿಗೆ ಒತ್ತಿ ಊದಿದಾಗ ಉಸಿರು ಸರಾಗವಾಗಿ ಆಚೆಗೆ ಹೋದರೆ ಉಣ್ಣೆಯೂ ಹೋದೀತು, ತಡೆದರೆ ಆ ಬಟ್ಟೆ ಬೇಡ. ಉಣ್ಣೆಯು ಬಾಚಿ ಹಂಜಿ ಮಾಡಿದ್ದಾಗಿರಬೇಕು. ಕೊರಳಿಗೆ ತಾಗುವುದಾದುದರಿಂದ ಎಳೆಯ ದಪ್ಪ 18ರಿಂದ 20 ಮೈಕ್ರಾನಿನಷ್ಟಿದ್ದರೆ ಒಳ್ಳೆಯದು. ಮೇಜಿನ ಮೇಲೆ ಗುಳ್ಳೆಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ಮೇಲೆ ರೇಷ್ಮೆಯನ್ನು ಬಿಡಿಸಿ, ಹಂಜಿಯ ತುದಿಯಿಂದ ಬೆರಳುಗಳಲ್ಲಿ ಎಳೆದ ತೆಳ್ಳನೆಯ ಪದರಗಳನ್ನು ಒಂದರ ಅಂಚಿನ ಮೇಲೆ ಒಂದು ಬರುವಂತೆ ಜೋಡಿಸುತ್ತ ಹೋಗಬೇಕು. ಅನಂತರ ಸೊಳ್ಳೆಪರದೆಯ ತುಂಡೊಂದನ್ನು ಮುಚ್ಚಿ, ಬೆಚ್ಚನೆಯ ಸಾಬೂನುನೀರನ್ನು ಚಿಮುಕಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಗಾಳಿಯನ್ನು ಹೊರಡಿಸಿ, ಕ್ರಮೇಣ ತಿಕ್ಕಲಾರಂಭಿಸಬೇಕು.

ಈ ಹಂತದಲ್ಲಿ ಅವಸರವೇ ಶತ್ರು. ನೀರು ಅತಿ ಬಿಸಿಯಾದರೆ, ತಿಕ್ಕುವ ಬಲ ಅತಿಯಾದರೆ, ಎಳೆಗಳು ರೇಷ್ಮೆಯನ್ನು ಹಾಯುವ ಮೊದಲೇ ತಮ್ಮತಮ್ಮಲ್ಲೇ ಗಂಟಿಕ್ಕಿಕೊಂಡು ಮೇಲ್ಪದರವಾಗಿ ನಿಂತುಬಿಡುವವು. ಅಂಥ ಶಾಲಿನ ಉಣ್ಣೆ ಕೆಲವೇ ದಿನಗಳಲ್ಲಿ ಸಿಪ್ಪೆಯಾಗಿ ಎದ್ದು ಬರುವುದು. ಮೆಲ್ಲಗೆ ತಿಕ್ಕಿದ ಮೇಲೆ ಎಲ್ಲವನ್ನೂ ಹಾಳೆಯ ಸಹಿತ ಕೊಳವೆಯೊಂದಕ್ಕೆ ಸುತ್ತಿ ಕಟ್ಟಿ, ಮೊಳಕೈಯವರೆಗಿನ ತೋಳುಗಳಿಂದ ಹಿಂದೆ ಮುಂದೆ ನೂರಾರು ಸಲ ಉರುಳಿಸಬೇಕು. ಬಿಚ್ಚಿ, ದಿಕ್ಕು ಬದಲಿಸಿ, ಮತ್ತೆ ಸುತ್ತಿ ಮತ್ತೆ ಉರುಳಿಸಬೇಕು. ರೇಷ್ಮೆಯ ಹಿಂಬದಿಯನ್ನು ಬೆಳಕಿಗೆ ಹಿಡಿದಾಗ ಸಣ್ಣ ರೋಮಗಳು ಹೊರಬಂದು ಕಾಣಿಸಿದರೆ, ಮೇಲಿನ ಉಣ್ಣೆಯನ್ನು ಚಿವುಟಿ ಎತ್ತಿದಾಗ ರೇಷ್ಮೆಯೂ ಜೊತೆಯಲ್ಲೇ ಎದ್ದು ಬಂದರೆ, ಆಗ ಬಂಧವು ನಿಜವಾಗಿ ಆಗಿದೆಯೆಂದು ತಿಳಿಯಬೇಕು. ಅಲ್ಲಿಂದ ಮುಂದೆ ಬಲಪ್ರಯೋಗಕ್ಕೆ ಅವಕಾಶ: ಹೆಚ್ಚು ಬಿಸಿಯಾದ ನೀರಿನಲ್ಲಿ ಅದ್ದಿ, ಮುದ್ದೆ ಮಾಡಿ ಮೇಜಿನ ಮೇಲೆ ಮತ್ತೆ ಮತ್ತೆ ಎತ್ತಿ ಹಾಕಿದಂತೆಲ್ಲ ವಸ್ತ್ರವು ಕಣ್ಣೆದುರಿಗೇ ಕುಗ್ಗುತ್ತ ಗಟ್ಟಿಯಾಗುವುದು. ಬೇಕಾದ ಅಳತೆಗೆ ಬಂದೊಡನೆ ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕ್ಷಾರವನ್ನು ಕಳೆದು, ಅಂಚುಗಳನ್ನು ತಿದ್ದಿ ಎಳೆದು ನೆರಳಿನಲ್ಲಿ ಒಣಗಿಸಬೇಕು. ಇದರಲ್ಲಿ ವಿಷಪದಾರ್ಥ ಯಾವುದೂ ಇಲ್ಲ. ಹಿಂದೆ ಮೊಲ ಮುಂತಾದ ಪ್ರಾಣಿಗಳ ತುಪ್ಪಳದಿಂದ ಟೋಪಿಯ ಫೆಲ್ಟ್ ಮಾಡುವವರು ಪಾದರಸದ ಲವಣವನ್ನು ಬಳಸಿ ಕೈಕಾಲು ನಡುಕಕ್ಕೂ ಬುದ್ಧಿವಿಕಾರಕ್ಕೂ ತುತ್ತಾದರು; ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಕುರಿಯ ಉಣ್ಣೆಗೆ ಅದರ ಅಗತ್ಯವೇ ಬೀಳಲಿಲ್ಲ.

ಇನ್ನು ಕಲಿಸುವ ವಿಚಾರ. ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಅಬಟ್ ಹಾಲ್ ಕಲಾ ಗ್ಯಾಲರಿಯ ಮುಖ್ಯಸ್ಥೆಯಾಗಿದ್ದ ಮೇರಿ ಬರ್ಕೆಟ್ ಅವರು ಫೆಲ್ಟ್ ಕಲೆಯನ್ನು ಕುರಿತು 1979ರಲ್ಲಿ ಪ್ರಕಟಿಸಿದ ಗ್ರಂಥವು ಪಶ್ಚಿಮದವರ ಕಣ್ಣನ್ನು ಈ ಕಡೆ ತಿರುಗಿಸಿತು. ಹಂಗೆರಿಯ ಕೆಚ್‌ಕೆಮೇಟ್ ನಗರದ ಮಾರಿ ನಾಗಿ ಮತ್ತು ಇಶ್ತ್ವಾನ್ ವಿದಾಕ್ ದಂಪತಿಗಳು ಪೌರ್ವಾತ್ಯ ಕುಶಲಕರ್ಮಿಗಳಿಂದ ತಾವು ಕಲಿತದ್ದನ್ನು ದೇಶದೇಶಗಳಲ್ಲಿ ಕಲಿಸಿದರು. ಪುಸ್ತಕ ಕುತೂಹಲವನ್ನು ಕೊಡಬಹುದು, ವಿದ್ಯೆಯನ್ನು ಕೊಡುವುದು ಕೈಯೇ. ಉಣ್ಣೆಯ ಪದರ ಎಷ್ಟು ತೆಳುವಾಗಿರಬೇಕು, ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬಿವು ಮಾತಿನಿಂದ ತಿಳಿಯತಕ್ಕವಲ್ಲ; ಅರ್ಧ ಬೆಂದ ಫೆಲ್ಟನ್ನೂ ಪಕ್ವವಾದ ಫೆಲ್ಟನ್ನೂ ಗುರುವು ಶಿಷ್ಯರ ಎರಡು ಕೈಗಳಲ್ಲಿ ಕೊಟ್ಟು, ಕಣ್ಣುಮುಚ್ಚಿ ಮುಟ್ಟಿ ನೋಡಿರೆಂದಾಗ ಒಂದು ಕ್ಷಣದಲ್ಲಿ ಆಗುವ ತಿಳಿವು ಗಂಟೆಗಟ್ಟಲೆ ವಿವರಿಸಿದರೂ ಆಗದು. ಹೊಸಬರ ತಪ್ಪುಗಳು ಎಲ್ಲೆಡೆಯೂ ಹೆಚ್ಚು ಕಡಮೆ ಒಂದೇ: ತೆಳುವಾದರೆ ಹರಿದೀತೆಂಬ ಭಯದಿಂದ ಉಣ್ಣೆಯನ್ನು ದಪ್ಪವಾಗಿ ಹಾಕುವುದು, ಒಂದು ಕಡೆ ಗುಡ್ಡೆ ಇನ್ನೊಂದು ಕಡೆ ಬಯಲು ಬಿಡುವುದು, ಬೇಸರದಿಂದ ಬೇಗ ನಿಲ್ಲಿಸುವುದು.

ಇವೆಲ್ಲಕ್ಕಿಂತ ದೊಡ್ಡ ತಪ್ಪನ್ನು ಮಾಡುವವರು ಕಲಿಸುವವರೇ. ಒಂದೇ ದಿನದಲ್ಲಿ ಶಾಲೊಂದನ್ನು ಹೊದ್ದು ಮನೆಗೆ ಹೋಗಬಹುದೆಂದು ಆಸೆ ತೋರಿಸಿ, ಕಲಿಯುವವರ ಕೈಗೆ ಮೊದಲೇ ಎರಡು ಮೀಟರು ರೇಷ್ಮೆಯನ್ನು ಕೊಟ್ಟುಬಿಡುವರು. ಶಾಲೇನೋ ಆಗಬಹುದು; ಆದರೆ ಅದು ಏಕೆ ಹಾಗಾಯಿತೆಂಬುದು ತಿಳಿದಿರುವುದಿಲ್ಲವಾಗಿ ಮನೆಯಲ್ಲಿ ಎರಡನೆಯದನ್ನು ಮಾಡಲು ಆಗುವುದಿಲ್ಲ. ಸರಿಯಾದ ಕ್ರಮವೆಂದರೆ ಮೊದಲು ಒಂದು ಸಣ್ಣ ಮಾದರಿ. ಮೂವತ್ತು ಸೆಂಟಿಮೀಟರಿನ ಚೌಕದಲ್ಲಿ, ಉದಾಹರಣೆಗೆ 5 ಗ್ರಾಂ ಉಣ್ಣೆಯನ್ನು ತೂಗಿ ಹರಡಿ, ಕೊನೆಯವರೆಗೆ ಹದಮಾಡಿ ಅಳೆದಾಗ ಅದು ಇಪ್ಪತ್ತು ಸೆಂಟಿಮೀಟರಿಗೆ ಇಳಿದಿದ್ದರೆ, ಬೇಕಾದ ಅಳತೆಯ ಒಂದೂವರೆಯಷ್ಟನ್ನು ಹರಡಬೇಕೆಂದು ಲೆಕ್ಕ ಸಿಕ್ಕಿತು. ಆಗ 180 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲದ ಶಾಲಿಗೆ 270 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲದ ಹರವು ಬೇಕು. ಉಣ್ಣೆ ಸುಮಾರು 68 ಗ್ರಾಂ. ಈ ಚಿಕ್ಕ ಗಣಿತವನ್ನು ಒಮ್ಮೆ ಕೈಯಾರೆ ಮಾಡಿದವರು ಮುಂದೆ ಯಾರ ನೆರವಿಲ್ಲದೆ, ಯಾವ ಉಣ್ಣೆಯೇ ಬರಲಿ, ಯಾವ ರೇಷ್ಮೆಯೇ ಬರಲಿ, ಧೈರ್ಯದಿಂದ ಕೆಲಸಕ್ಕೆ ಕೈಹಚ್ಚಬಲ್ಲರು. ಒಮ್ಮೆ ಕೂಡಿದ್ದನ್ನು ಬಿಡಿಸಲು ಬಾರದ ಕಲೆಯಲ್ಲಿ ತಪ್ಪನ್ನು ಸಣ್ಣ ತುಂಡಿನಲ್ಲಿ ಮಾಡಿ ಮುಗಿಸುವುದು ಜಾಣತನ.

ಈ ಕಲೆಗೆ ಬೇಕಾದ ಎರಡು ದ್ರವ್ಯಗಳಲ್ಲಿ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವು ದೇಶಕ್ಕೇ ಮೊದಲನೆಯದು. ರೇಷ್ಮೆ ಸೀರೆಯ ಜರಿಯ ಸೆರಗೂ ದಪ್ಪ ಒಡಲೂ ಇದಕ್ಕೆ ಒದಗವಾದರೂ ತೆಳುವಾದ ಹಳೆಯ ಶಿಫಾನ್ ರೇಷ್ಮೆಯ ಸೀರೆಯೊಂದರಿಂದ ಎರಡು ಮೂರು ಶಾಲುಗಳಿಗೆ ಸಾಕಾಗುವಷ್ಟು ಬಟ್ಟೆ ದೊರೆಯುತ್ತದೆ. ಉಣ್ಣೆಯ ವಿಷಯ ಬೇರೆ. ನಮ್ಮ ಬಯಲುಸೀಮೆಯ ದಖ್ಖನಿ ಕುರಿಯ ಉಣ್ಣೆ ಒರಟು, ರೋಮಬೆರೆತದ್ದು. ಎಳೆಯ ದಪ್ಪ ಮೂವತ್ತು ಮೈಕ್ರಾನು ಮೀರಿದರೆ ಕೊರಳಿನ ಚರ್ಮಕ್ಕೆ ಚುಚ್ಚುವುದು. ಆದಕಾರಣ ನಯವಾದ ಶಾಲಿಗೆ ಹೊರದೇಶದ ಮೆರಿನೋವನ್ನೇ ಆಶ್ರಯಿಸಬೇಕಾಗಿದೆ. ಇಷ್ಟರಿಂದಲೇ ದಖ್ಖನಿ ಉಣ್ಣೆಯನ್ನು ಕೀಳೆಂದು ತಳ್ಳುವುದು ನ್ಯಾಯವಲ್ಲ. ಚಳ್ಳಕೆರೆಯ ಸುತ್ತಿನ ಕುರುಬರು ಈ ಉಣ್ಣೆಯನ್ನೇ ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿಯನ್ನು ಬಳಿದು ನೇಯ್ದ ಕರಿಯ ಕಂಬಳಿ ಮಳೆ ಚಳಿಗಳೆರಡನ್ನೂ ತಡೆಯುತ್ತದೆ. ಫೆಲ್ಟಿನಲ್ಲಿಯೂ ಅದಕ್ಕೆ ತಕ್ಕ ಸ್ಥಾನವಿದೆ: ಆಸನ, ಚೀಲ, ಅಂಗಿಯ ಮೇಲೆ ಹೊದೆಯುವ ದಪ್ಪ ಹೊದಿಕೆ ಇಂಥವುಗಳಿಗೆ ಗಟ್ಟಿತನ ಬೇಕೇ ಹೊರತು ನಯವಲ್ಲ.

ನಮ್ಮಲ್ಲಿ ಈ ಕಲೆಯನ್ನು ಕಲಿಸಲು ಹೊರಡುವವರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಮೊದಲ ದಿನ ಮೆರಿನೋವಿನ ಒಂದು ಚೌಕ, ದಖ್ಖನಿಯ ಒಂದು ಚೌಕ, ಎರಡನ್ನೂ ಒಂದೇ ತೂಕದಲ್ಲಿ ಕಲಿಯುವವರಿಂದಲೇ ಮಾಡಿಸಿರಿ. ಒಂದು ಬೇಗ ಕೂಡುವುದನ್ನೂ ಇನ್ನೊಂದು ತಡವಾಗಿ ಕೂಡುವುದನ್ನೂ ಅವರ ತೋಳುಗಳೇ ಅರಿಯಲಿ. ಯಾವುದು ಕೊರಳಿಗೆ, ಯಾವುದು ಹೆಗಲಿಗೆ ಎಂಬುದನ್ನು ಅವರೇ ನಿರ್ಣಯಿಸಲಿ. ಇನ್ನು ಕೊಳ್ಳುವವರಿಗೆ ಒಂದು ಮಾತು: ಶಾಲಿನ ಉಣ್ಣೆಯನ್ನು ಚಿವುಟಿ ಎತ್ತಿ ನೋಡಿ, ಬಂಧ ಗಟ್ಟಿಯಾಗಿದ್ದರೆ ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿರಿ. ಮನೆಗೆ ತಂದ ಮೇಲೆ ತಣ್ಣೀರಿನಲ್ಲಿ, ತಿಕ್ಕದೆ, ಹಿಂಡದೆ ತೊಳೆದು, ಮಡಿಸಿಡುವಾಗ ನುಸಿಗುಳಿಗೆಯನ್ನು ಇಡಲು ಮರೆಯದಿರಿ.